ಸರ್ವರ್ ಕೈಕೊಟ್ಟಾಗ ಮತ್ತೆ ಕೇಳುವುದು ಹೇಗೆ: ಅಸಿಂಕ್ ಪೈಥಾನ್‌ನಲ್ಲಿ ರಿಟ್ರೈ

ಮಳೆಗಾಲದಲ್ಲಿ ಮಂಡ್ಯದ ಕಡೆ ಇಬ್ಬರು ಎದುರಾದರೆ ಮೊದಲ ಮಾತು "ಕಟ್ಟೇಲಿ ನೀರೆಷ್ಟು?" ಅಂತಲೇ. ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ನೀರು 120 ಅಡಿ ದಾಟಿತು ಅಂತ ಸುದ್ದಿ ಬಂದರೆ ಸಾಕು, ನಾಲೆ ಬಯಲಿನ ರೈತರಿಂದ ಹಿಡಿದು ಮೈಸೂರಿನ ಹಾಸ್ಟೆಲ್ ಹುಡುಗರವರೆಗೆ ಎಲ್ಲರೂ ಮಟ್ಟ ನೋಡಲು ಫೋನ್ ತೆಗೆಯುತ್ತಾರೆ. ಸರ್ವರ್‌ಗಳು ಸುಸ್ತಾಗುವುದು ಇಂಥ ಹೊತ್ತಿನಲ್ಲೇ. ನಿಮ್ಮ ಪ್ರೋಗ್ರಾಂ ಕೂಡ ಅದೇ ಹೊತ್ತಿಗೆ ಹೋಗಿ ಕೇಳಿದರೆ 503 (ಈಗ ಆಗಲ್ಲ ಅನ್ನುವ ಎರರ್ ಸಂಖ್ಯೆ) ಸಿಗುತ್ತದೆ, ಇಲ್ಲವೇ ಏನೂ ಸಿಗದೆ ಸುಮ್ನೆ ಕಾಯುತ್ತಾ ಕೂರುತ್ತದೆ.

ಆಗ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ: ಮತ್ತೆ ಕೇಳು, ಅಂದರೆ ರಿಟ್ರೈ. ಪ್ರಾಜೆಕ್ಟ್ ಮಾಡುವ ಕಾಲೇಜು ಹುಡುಗರು ಕೇಳುವುದೂ ಇದನ್ನೇ. "ಅಣ್ಣ, ಒಂದು ಲೂಪ್ ಹಾಕಿ ಮೂರು ಸಲ ಟ್ರೈ ಮಾಡಿಸಿದ್ರೆ ಆಯ್ತಲ್ವಾ?" ಅರ್ಧ ಆಯ್ತು. ಲೂಪ್ ಬರೆಯುವುದು ಐದು ನಿಮಿಷದ ಕೆಲಸ. ಯಾವಾಗ ಮತ್ತೆ ಕೇಳಬಾರದು ಅಂತ ಕೋಡ್‌ಗೆ ಕಲಿಸುವುದೇ ಉಳಿದರ್ಧ. ಅಸಿಂಕ್ ಕೋಡ್ (ಒಂದರ ಉತ್ತರಕ್ಕೆ ಕಾಯುವಾಗ ಬೇರೆ ಕೆಲಸವನ್ನೂ ನಡೆಸುವ ಕೋಡ್) ಆದರೆ ಅದರದ್ದೇ ಆದ ನಾಲ್ಕೈದು ಗುಂಡಿಗಳೂ ಇವೆ. ಅವನ್ನು ದಾಟಿಕೊಂಡು ಹೋಗುವ ದಾರಿ ಇಲ್ಲಿದೆ.

ಉದಾಹರಣೆಗೆ ಒಂದು ಸಣ್ಣ ಪ್ರೋಗ್ರಾಂ ಇಟ್ಟುಕೊಳ್ಳೋಣ. ದಿನಾ ಬೆಳಿಗ್ಗೆ ಅದು ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿ ಈ ನಾಲ್ಕು ಜಲಾಶಯಗಳ ಮಟ್ಟ ತರಬೇಕು. ಜೊತೆಗೆ ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳ ಮಳೆ ಲೆಕ್ಕ. ಒಟ್ಟು 11 ರಿಕ್ವೆಸ್ಟ್. ಎಲ್ಲ ಬಂದ ಮೇಲೆ ನಾಲೆ ಬಯಲಿನ ರೈತರಿಗೆ ಒಂದು ಎಸ್ಸೆಮ್ಮೆಸ್. ಭಾಷೆ ಪೈಥಾನ್, ರಿಕ್ವೆಸ್ಟ್ ಕಳಿಸಲು ಎಐಒಎಚ್‌ಟಿಟಿಪಿ ಅನ್ನುವ ಲೈಬ್ರರಿ. ಒಂದೊಂದು ರಿಕ್ವೆಸ್ಟ್‌ಗೆ ಎರಡು ಸೆಕೆಂಡ್ ಹಿಡಿದರೆ, ಒಂದಾದ ಮೇಲೊಂದು ಕೇಳಿದಾಗ 22 ಸೆಕೆಂಡ್. ಅಸಿಂಕ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಸುಮಾರು ಎರಡೇ ಸೆಕೆಂಡ್. ಈ ಲಾಭ ಕಳೆದುಕೊಳ್ಳದೆ ರಿಟ್ರೈ ಸೇರಿಸಬೇಕು.

ಮೊದಲು ಟೈಮ್‌ಔಟ್, ಆಮೇಲೆ ರಿಟ್ರೈ

ರಿಕ್ವೆಸ್ಟ್ ಸೋತಿದೆ ಅಂತ ಗೊತ್ತಾದರೆ ತಾನೇ ಮತ್ತೆ ಕೇಳುವುದು? ಉತ್ತರವೇ ಬರದಿದ್ದರೆ ಎಷ್ಟು ಹೊತ್ತಿಗೆ ಸೋತಿತು ಅನ್ನಬೇಕು? ಇದನ್ನು ನೀವೇ ಹೇಳಬೇಕು. ಹೇಳದಿದ್ದರೆ ಲೈಬ್ರರಿ ತನಗೆ ತೋಚಿದ್ದನ್ನು ಇಟ್ಟುಕೊಳ್ಳುತ್ತದೆ. ಎಐಒಎಚ್‌ಟಿಟಿಪಿಯಲ್ಲಿ ತಾನಾಗಿ ಇರುವ ಒಟ್ಟು ಗಡುವು 5 ನಿಮಿಷ. ಅಂಥದ್ದೇ ಇನ್ನೊಂದು ಲೈಬ್ರರಿ ಎಚ್‌ಟಿಟಿಪಿಎಕ್ಸ್‌ನಲ್ಲಿ ಒಟ್ಟು ಗಡುವಿಲ್ಲ, 5 ಸೆಕೆಂಡ್ ಏನೂ ಬರದೆ ಸುಮ್ಮನಿದ್ದರೆ ಟೈಮ್‌ಔಟ್. ಎರಡರ ಲೆಕ್ಕವೇ ಬೇರೆ! ಒಂದರಿಂದ ಇನ್ನೊಂದಕ್ಕೆ ಕೋಡ್ ಬದಲಾಯಿಸಿದಾಗ ಪ್ರೋಗ್ರಾಂ ಬೇರೆ ರೀತಿ ನಡೆದುಕೊಂಡರೆ ಮೊದಲು ಇಲ್ಲಿ ನೋಡಿ.

ನಮ್ಮ ಪ್ರೋಗ್ರಾಂಗೆ ಒಂದು ಪ್ರಯತ್ನಕ್ಕೆ 5 ಸೆಕೆಂಡ್ ಸಾಕು. ಪುಟ ಮಾಮೂಲಿಯಾಗಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಒಂದೆರಡು ದಿನ ಲಾಗ್‌ನಲ್ಲಿ ನೋಡಿ, ಅದಕ್ಕಿಂತ ಸ್ವಲ್ಪ ಧಾರಾಳವಾಗಿ ಇಡಿ. ತೀರಾ ಬಿಗಿ ಮಾಡಿದರೆ ನಿಧಾನಕ್ಕಾದರೂ ಬರುತ್ತಿದ್ದ ಉತ್ತರವನ್ನು ನಾವೇ ಕತ್ತರಿಸಿ, ಮತ್ತೆ ಕೇಳಿ, ಸರ್ವರ್‌ಗೆ ಡಬಲ್ ಕೆಲಸ ಕೊಟ್ಟಂತಾಗುತ್ತದೆ.

ಯಾವ ಸೋಲಿಗೆ ಮತ್ತೆ ಕೇಳಬೇಕು

ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಸ್ವಲ್ಪ ಹೊತ್ತು ಬಿಟ್ಟು ಇದನ್ನೇ ಕಳಿಸಿದರೆ ಬೇರೆ ಉತ್ತರ ಬರುವ ಸಾಧ್ಯತೆ ಇದೆಯಾ?

502, 503, 504 ಬಂದರೆ ಇದೆ. ಸರ್ವರ್ ಅಥವಾ ಅದರ ಮುಂದಿರುವ ಗೇಟ್‌ವೇ ಆ ಕ್ಷಣಕ್ಕೆ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. 408 ಕೂಡ ಇದೇ ಗುಂಪು. 429 ಬಂದರೆ ನೀವು ಜಾಸ್ತಿ ಕೇಳುತ್ತಿದ್ದೀರಿ ಅಂತ ಸರ್ವರ್ ಬಾಯಿಬಿಟ್ಟು ಹೇಳುತ್ತಿದೆ. ಮತ್ತೆ ಕೇಳಬಹುದು, ಆದರೆ ಅದು ಹೇಳಿದಷ್ಟು ಹೊತ್ತು ಕಾದು. ಕನೆಕ್ಷನ್ ಅರ್ಧದಲ್ಲಿ ಕಡಿದುಹೋದದ್ದು, ಟೈಮ್‌ಔಟ್ ಆದದ್ದು ಸಹ ತಾತ್ಕಾಲಿಕವೇ.

400 ಬಂದರೆ ನೀವು ಕೇಳಿದ ರೀತಿಯೇ ತಪ್ಪು. 401, 403 ಬಂದರೆ ಒಳಗೆ ಬಿಡುವುದಿಲ್ಲ ಅಂತ. 404 ಬಂದರೆ ಆ ವಿಳಾಸದಲ್ಲಿ ಏನೂ ಇಲ್ಲ. ಇವಕ್ಕೆ ನೂರು ಸಲ ಕೇಳಿದರೂ ಅದೇ ಉತ್ತರ. ಜೊತೆಗೆ 401ಕ್ಕೆ ಮೇಲಿಂದ ಮೇಲೆ ಕೇಳಿದರೆ ನಿಮ್ಮ ಖಾತೆಯೇ ಲಾಕ್ ಆಗಬಹುದು.

500 ಮಾತ್ರ ಸ್ವಲ್ಪ ತಲೆನೋವು. ಅದು ಒಂದು ಗಳಿಗೆಯ ಎಡವಟ್ಟೂ ಆಗಿರಬಹುದು, ಸರ್ವರ್ ಕೋಡ್‌ನಲ್ಲೇ ಇರುವ ಬಗ್ ಕೂಡ ಆಗಿರಬಹುದು. ಸುಮ್ಮನೆ ಓದುವ ರಿಕ್ವೆಸ್ಟ್ ಆದರೆ ನಾನು 500ಕ್ಕೂ ಮತ್ತೆ ಕೇಳಿಸುತ್ತೇನೆ. ಬರೆಯುವ ರಿಕ್ವೆಸ್ಟ್ ಆದರೆ ಇಲ್ಲ.

ಇಲ್ಲಿ ಎಐಒಎಚ್‌ಟಿಟಿಪಿಯ ಎರಡು ಗುಣ ನೆನಪಿಡಿ. ಒಂದು, ಸರ್ವರ್ 503 ಕೊಟ್ಟರೂ ಅದು ತಾನಾಗಿ ಎಕ್ಸೆಪ್ಷನ್ (ಎರರ್) ಎಸೆಯುವುದಿಲ್ಲ. ಉತ್ತರ ಬಂತಲ್ಲ, ನನ್ನ ಕೆಲಸ ಮುಗಿಯಿತು ಅಂದುಕೊಳ್ಳುತ್ತದೆ. ಸ್ಟೇಟಸ್ ಸಂಖ್ಯೆಯನ್ನು ನೀವೇ ನೋಡಬೇಕು, ಇಲ್ಲವೇ "ರೈಸ್ ಫಾರ್ ಸ್ಟೇಟಸ್" ಕರೆಯಬೇಕು. ಜಾವಾಸ್ಕ್ರಿಪ್ಟ್‌ನ ಫೆಚ್ ಕೂಡ ಹೀಗೆಯೇ: 404 ಆಗಲಿ 500 ಆಗಲಿ ಪ್ರಾಮಿಸ್ (ಮುಂದೆ ಬರುವ ಉತ್ತರದ ಚೀಟಿ) ರಿಜೆಕ್ಟ್ ಆಗುವುದಿಲ್ಲ. ಎರಡು, "ಕ್ಲೈಂಟ್ ಎರರ್" ಅನ್ನುವ ದೊಡ್ಡ ವರ್ಗವನ್ನೇ ಹಿಡಿದರೆ ಅದರಡಿ ಸರ್ಟಿಫಿಕೇಟ್ ತಪ್ಪು, ತಪ್ಪು ಯುಆರ್‌ಎಲ್ ಎಲ್ಲವೂ ಬಂದುಬಿಡುತ್ತವೆ. ಅವಧಿ ಮುಗಿದ ಸರ್ಟಿಫಿಕೇಟ್ ನಾಲ್ಕು ಸೆಕೆಂಡ್‌ನಲ್ಲಿ ಸರಿಹೋಗುತ್ತದೆಯೇ? ಅಂಥದ್ದನ್ನು ಮೊದಲೇ ಬೇರೆ ಮಾಡಿ ಹೊರಗೆ ಎಸೆಯಿರಿ.

ಇನ್ನೊಂದು ತರಲೆ ಇದೆ. ಕೆಲವು ಸೈಟ್‌ಗಳು ಸ್ಟೇಟಸ್ 200 ಕೊಟ್ಟು, ಒಳಗಡೆ "ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ" ಅನ್ನುವ ಪುಟ ಇಟ್ಟಿರುತ್ತವೆ. ಸಂಖ್ಯೆ ನೋಡಿ ಖುಷಿಪಟ್ಟರೆ ಮಟ್ಟದ ಜಾಗದಲ್ಲಿ ಕಸ ಸೇರುತ್ತದೆ. ಆದ್ದರಿಂದ ಪಾರ್ಸ್ ಮಾಡುವುದನ್ನೂ (ಉತ್ತರ ಬಿಡಿಸಿ ಬೇಕಾದ ಸಂಖ್ಯೆ ತೆಗೆಯುವುದನ್ನೂ) ಪ್ರಯತ್ನದ ಒಳಗೇ ಇಡಿ. ಜೇಸನ್ (ಪ್ರೋಗ್ರಾಂ ಓದುವ ಡೇಟಾ ರೂಪ) ಬರಬೇಕಾದ ಕಡೆ ಎಚ್‌ಟಿಎಂಎಲ್ ಬಂದರೆ ಅದೂ ತಾತ್ಕಾಲಿಕ ಸೋಲು. ಆದರೆ ಜೇಸನ್ ಸರಿಯಾಗಿದ್ದು ಕೆಆರ್‌ಎಸ್ ಮಟ್ಟ 0 ಅಂತ ಇದ್ದರೆ, ಇಲ್ಲವೇ 1248 ಅಡಿ ಅಂತ ಇದ್ದರೆ, ಅದು ಟೈಪ್ ಮಾಡಿದವರ ತಪ್ಪು. ರಿಟ್ರೈ ಅದಕ್ಕೆ ಮದ್ದಲ್ಲ. ಬೇರೆ ಹೆಸರಿನ ಎರರ್ ಮಾಡಿ ಮನುಷ್ಯರ ಕಣ್ಣಿಗೆ ಬೀಳುವಂತೆ ಮಾಡಿ.

ಎರಡು ಸಲ ಹೋದರೆ ಪರವಾಗಿಲ್ಲವಾ?

ಮಟ್ಟ, ಮಳೆ ಕೇಳುವ 11 ರಿಕ್ವೆಸ್ಟ್‌ಗಳೂ ಗೆಟ್, ಅಂದರೆ ಸುಮ್ಮನೆ ಓದುವ ಬಗೆ. ಎಷ್ಟು ಸಲ ಕೇಳಿದರೂ ಸರ್ವರ್‌ನಲ್ಲಿ ಏನೂ ಬದಲಾಗುವುದಿಲ್ಲ. ಎಚ್‌ಟಿಟಿಪಿ ನಿಯಮದ ಪ್ರಕಾರ ಪುಟ್ ಮತ್ತು ಡಿಲೀಟ್ ಕೂಡ ಹಾಗೆಯೇ ಇರಬೇಕು: ಒಂದು ಸಲ ಮಾಡಿದರೂ ನಾಲ್ಕು ಸಲ ಮಾಡಿದರೂ ಕೊನೆಯ ಸ್ಥಿತಿ ಒಂದೇ. ಪೋಸ್ಟ್, ಪ್ಯಾಚ್‌ಗೆ ಈ ಭರವಸೆ ಇಲ್ಲ.

ಎಸ್ಸೆಮ್ಮೆಸ್ ಕಳಿಸುವುದು ಪೋಸ್ಟ್. ಇಲ್ಲಿ ಟೈಮ್‌ಔಟ್ ಆಯಿತು ಅಂದರೆ ಏನರ್ಥ? ರಿಕ್ವೆಸ್ಟ್ ಅವರಿಗೆ ತಲುಪಲೇ ಇಲ್ಲ ಅಂತಲೂ ಇರಬಹುದು. ತಲುಪಿ, ಮೆಸೇಜ್ ಹೋಗಿ, "ಆಯ್ತು" ಅನ್ನುವ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ನಮ್ಮ ಕಡೆಯಿಂದ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕಣ್ಣುಮುಚ್ಚಿ ಮತ್ತೆ ಕಳಿಸಿದರೆ "ನಾಲೆಗೆ ನೀರು ಬಿಡಲಾಗಿದೆ" ಅನ್ನುವ ಮೆಸೇಜ್ ಒಬ್ಬರಿಗೇ ಮೂರು ಸಲ ಹೋಗುತ್ತದೆ. ಓದಿದವರು ಮತ್ತೆ ಮತ್ತೆ ನೀರು ಬಿಟ್ಟರೇನೋ ಅಂದುಕೊಂಡರೆ ಅವರ ತಪ್ಪಲ್ಲ. ಎಸ್ಸೆಮ್ಮೆಸ್ ಬಿಲ್ಲೂ ಮೂರು ಪಟ್ಟು. ದುಡ್ಡು ಕಟ್ಟುವ ರಿಕ್ವೆಸ್ಟ್ ಆಗಿದ್ದರಂತೂ ಕೇಳುವುದೇ ಬೇಡ.

ಇದಕ್ಕೆ ಪರಿಹಾರ ಐಡೆಂಪೊಟೆನ್ಸಿ ಕೀ. ಒಂದು ಯುಯುಐಡಿ (ಮತ್ತೆ ಬರದಂಥ ಗುರುತು ಸಂಖ್ಯೆ) ಮಾಡಿ ಹೆಡರ್‌ನಲ್ಲಿ (ರಿಕ್ವೆಸ್ಟ್ ಜೊತೆ ಹೋಗುವ ಮೇಲ್ಮಾಹಿತಿಯಲ್ಲಿ) ಕಳಿಸುತ್ತೀರಿ. ಅದೇ ಕೀ ಎರಡನೇ ಸಲ ಬಂದರೆ ಸರ್ವರ್ ಹೊಸ ಕೆಲಸ ಮಾಡದೆ ಹಳೆಯ ಉತ್ತರವನ್ನೇ ವಾಪಸ್ ಕೊಡುತ್ತದೆ. ಸ್ಟ್ರೈಪ್‌ನಂಥ ಪೇಮೆಂಟ್ ಸೇವೆಗಳು ಇದನ್ನು ಕೊಡುತ್ತವೆ. ಗಮನಿಸಿ: ಕೀಯನ್ನು ರಿಟ್ರೈ ಲೂಪ್‌ನ ಹೊರಗೆ ಒಂದೇ ಸಲ ಮಾಡಬೇಕು. ಲೂಪ್‌ನ ಒಳಗೆ ಮಾಡಿದರೆ ಪ್ರತಿ ಪ್ರಯತ್ನಕ್ಕೂ ಹೊಸ ಕೀ ಹೋಗಿ, ಇದ್ದೂ ಇಲ್ಲದಂತಾಗುತ್ತದೆ.

ಆ ಕಡೆಯ ಸೇವೆಗೆ ಕೀ ಗೊತ್ತಿಲ್ಲದಿದ್ದರೆ? ಆಗ ಕನೆಕ್ಷನ್ ಸಿಗಲೇ ಇಲ್ಲ ಅನ್ನುವಾಗ ಮಾತ್ರ ಮತ್ತೆ ಕಳಿಸಿ. ರಿಕ್ವೆಸ್ಟ್ ಹೊರಟೇ ಇಲ್ಲ ಅಂತ ಅಲ್ಲಿ ಖಾತ್ರಿ ಇದೆ. ಟೈಮ್‌ಔಟ್ ಆದರೆ ಕೈಕಟ್ಟಿ ನಿಲ್ಲಿ, "ಹೋಯಿತೋ ಇಲ್ಲವೋ ತಿಳಿಯದು" ಅಂತ ಬರೆದಿಟ್ಟು ಆಮೇಲೆ ಅವರ ಡೆಲಿವರಿ ರಿಪೋರ್ಟ್ ನೋಡಿ.

ಈಗ ಲೂಪ್

ಕೋಡನ್ನು ಕನ್ನಡದಲ್ಲೇ ಬರೆಯುತ್ತೇನೆ. ಅವೇಟ್ ಅಂದರೆ ಈ ಕೆಲಸ ಮುಗಿಯುವವರೆಗೆ ಬೇರೆಯವಕ್ಕೆ ಸರದಿ ಬಿಟ್ಟು ಕಾಯುವುದು, ಅಸಿಂಕ್ಐಒ ಅಂದರೆ ಅಸಿಂಕ್ ಕೆಲಸಕ್ಕೆಂದು ಪೈಥಾನ್ ಜೊತೆಗೇ ಬರುವ ಲೈಬ್ರರಿ. ಟೈಪ್ ಮಾಡುವಾಗ ಪೈಥಾನ್ ಕೀವರ್ಡ್‌ಗಳನ್ನು ಹಾಕಿಕೊಳ್ಳಿ.

ತಂದುಕೊಡು (ಕೇಳುವ ಫಂಕ್ಷನ್):
— ಪ್ರಯತ್ನ 1ರಿಂದ 4ರವರೆಗೆ ಲೂಪ್
— — ಟ್ರೈ: 5 ಸೆಕೆಂಡ್ ಗಡುವಿನ ಒಳಗೆ, ಕೇಳುವ ಫಂಕ್ಷನ್ ಅನ್ನು ಕರೆದು ಅವೇಟ್ ಮಾಡು, ಬಂದ ಉತ್ತರ ವಾಪಸ್ ಕೊಡು
— — ತಾತ್ಕಾಲಿಕ ಎರರ್ ಬಂದರೆ: ಇದು 4ನೇ ಪ್ರಯತ್ನವಾಗಿದ್ದರೆ ಎರರ್ ಅನ್ನು ಹಾಗೇ ಮೇಲಕ್ಕೆ ಎಸೆ, ಇಲ್ಲದಿದ್ದರೆ ಕಾಯುವ ಹೊತ್ತು ಲೆಕ್ಕ ಹಾಕು
— — ಅಸಿಂಕ್ಐಒದ ಸ್ಲೀಪ್ ಅನ್ನು ಅವೇಟ್ ಮಾಡಿ ಅಷ್ಟು ಹೊತ್ತು ಕಾಯಿ

ನೋಡಲು ಇಷ್ಟೇ. ಆದರೆ ಒಂದೊಂದು ಸಾಲಿನಲ್ಲೂ ಒಂದೊಂದು ಗುಂಡಿ ಇದೆ.

ಮೊದಲನೆಯದು, ತಂದುಕೊಡುವ ಫಂಕ್ಷನ್‌ಗೆ ನಾವು ಕೊಡುವುದು ಏನು? ಬಹಳ ಜನ ಕೊರೂಟೀನನ್ನೇ (ಅಸಿಂಕ್ ಫಂಕ್ಷನ್ ಕರೆದಾಗ ಸಿಗುವ, ಒಂದೇ ಸಲ ಓಡುವ ವಸ್ತುವನ್ನೇ) ಮಾಡಿ ಕೊಡುತ್ತಾರೆ, ಅಂದರೆ ಆವರಣ ಚಿಹ್ನೆ ಹಾಕಿ ಫಂಕ್ಷನ್ ಕರೆದು, ಬಂದ ವಸ್ತುವನ್ನು ದಾಟಿಸುತ್ತಾರೆ. ಮೊದಲ ಪ್ರಯತ್ನ ಸರಿಯಾಗಿ ನಡೆಯುತ್ತದೆ. ಅದು ಸೋತು ಎರಡನೇ ಸಲ ಅವೇಟ್ ಮಾಡಿದಾಗ ಪೈಥಾನ್ ರನ್‌ಟೈಮ್ ಎರರ್ ಕೊಡುತ್ತದೆ: ಈಗಾಗಲೇ ಅವೇಟ್ ಆದ ಕೊರೂಟೀನನ್ನು ಮತ್ತೆ ಬಳಸುವಂತಿಲ್ಲ ಅಂತ. ಸರ್ವರ್ ಚೆನ್ನಾಗಿರುವ ದಿನ ಈ ತಪ್ಪು ಕಾಣಿಸಿಕೊಳ್ಳುವುದೇ ಇಲ್ಲ, ಅದೇ ಇದರ ಕೆಟ್ಟ ಗುಣ. ಆದ್ದರಿಂದ ಕೊರೂಟೀನ್ ಅಲ್ಲ, ಕೊರೂಟೀನ್ ಮಾಡಿಕೊಡುವ ಫಂಕ್ಷನ್ ದಾಟಿಸಿ. ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಸಾಕು. ಲೂಪ್‌ನ ಪ್ರತಿ ಸುತ್ತಿನಲ್ಲೂ ಅದನ್ನು ಹೊಸದಾಗಿ ಕರೆಯಿರಿ. ಜಾವಾಸ್ಕ್ರಿಪ್ಟ್‌ನಲ್ಲೂ ಇದೇ ಮಾತು: ಪ್ರಾಮಿಸ್ ಕೈಗೆ ಬರುವ ಹೊತ್ತಿಗೆ ಅದರ ಕೆಲಸ ಶುರುವಾಗಿಯೇ ಇರುತ್ತದೆ, ಅದನ್ನು ಎರಡನೇ ಸಲ ಓಡಿಸಲು ಬರುವುದಿಲ್ಲ.

ಎರಡನೆಯದು ಸ್ಲೀಪ್. ಟೈಮ್ ಮಾಡ್ಯೂಲ್‌ನ ಸ್ಲೀಪ್ ಹಾಕಿದರೆ ಎಲ್ಲ ಕೆಲಸಕ್ಕೂ ಸರದಿ ಹಂಚುವ ಇವೆಂಟ್ ಲೂಪ್ ಪೂರ್ತಿ ನಿಂತುಹೋಗುತ್ತದೆ. ಹಾರಂಗಿಯ ಸರ್ವರ್‌ಗಾಗಿ ನಾಲ್ಕು ಸೆಕೆಂಡ್ ಕಾದರೆ ಉಳಿದ ಹತ್ತು ರಿಕ್ವೆಸ್ಟ್‌ಗಳೂ ಅಷ್ಟು ಹೊತ್ತು ಜಾಗ ಬಿಟ್ಟು ಕದಲುವುದಿಲ್ಲ. ಇನ್ನೂ ಮಜಾ ಅಂದರೆ, ಆ ನಾಲ್ಕು ಸೆಕೆಂಡ್‌ನಲ್ಲಿ ಬೇರೆ ರಿಕ್ವೆಸ್ಟ್‌ಗಳ ಗಡುವೂ ಮುಗಿದು, ಬಂದು ನಿಂತಿರುವ ಉತ್ತರವನ್ನು ಓದುವ ಮೊದಲೇ ಅವೂ ಟೈಮ್‌ಔಟ್ ಆಗಬಹುದು. ಅಸಿಂಕ್ಐಒದ ಸ್ಲೀಪ್ ಹಾಕಿ, ಮುಂದೆ ಅವೇಟ್ ಬರೆಯಲು ಮರೆಯಬೇಡಿ. ಅವೇಟ್ ಬಿಟ್ಟರೆ ಒಂದು ಎಚ್ಚರಿಕೆ ಸಾಲು ಬರುತ್ತದೆ ಅಷ್ಟೇ, ಕಾಯುವುದೇ ಇಲ್ಲ. ನಾಲ್ಕು ಪ್ರಯತ್ನವೂ ಕಣ್ಣು ಮಿಟುಕಿಸುವುದರಲ್ಲಿ ಮುಗಿದುಹೋಗುತ್ತವೆ.

ಮೂರನೆಯದು, ಉತ್ತರದ ಒಡಲನ್ನು ಎಲ್ಲಿ ಓದುತ್ತೀರಿ ಅನ್ನುವುದು. ಎಐಒಎಚ್‌ಟಿಟಿಪಿಯಲ್ಲಿ ಗೆಟ್ ವಾಪಸ್ ಬಂದಾಗ ಬಂದಿರುವುದು ಹೆಡರ್ ಮಾತ್ರ. ಒಡಲು ಆಮೇಲೆ ಬರುತ್ತದೆ, ಮತ್ತು ಅದು ಅರ್ಧಕ್ಕೇ ನಿಲ್ಲಬಹುದು. ಪ್ರಯತ್ನದ ಒಳಗೆ ಬರೀ ಸ್ಟೇಟಸ್ ನೋಡಿ, ಹೊರಗೆ ಬಂದು ಜೇಸನ್ ಓದಿದರೆ ಆ ಸೋಲಿಗೆ ರಿಟ್ರೈ ಸಿಗುವುದೇ ಇಲ್ಲ. ಕೇಳುವುದು, ಸ್ಟೇಟಸ್ ನೋಡುವುದು, ಒಡಲು ಓದುವುದು, ಪಾರ್ಸ್ ಮಾಡುವುದು: ನಾಲ್ಕೂ ಒಂದೇ ಫಂಕ್ಷನ್‌ನಲ್ಲಿರಲಿ. ಸೆಷನ್ (ಕನೆಕ್ಷನ್‌ಗಳನ್ನು ಹಿಡಿದಿಟ್ಟುಕೊಳ್ಳುವ ವಸ್ತು) ಮಾತ್ರ ಹೊರಗಿರಲಿ. ಪ್ರತಿ ಪ್ರಯತ್ನಕ್ಕೂ ಹೊಸ ಕ್ಲೈಂಟ್ ಸೆಷನ್ ತೆರೆದರೆ ಪ್ರತಿ ಸಲವೂ ಹೊಸ ಕನೆಕ್ಷನ್, ಹೊಸ ಟಿಎಲ್‌ಎಸ್ (ಗೂಢಲಿಪಿ) ಮಾತುಕತೆ. ಮೊದಲೇ ಏದುಸಿರು ಬಿಡುತ್ತಿರುವ ಸರ್ವರ್‌ಗೆ ಅದು ಬೇರೆ.

ನಾಲ್ಕನೆಯದು ಕ್ಯಾನ್ಸಲ್. ಯಾರೋ ಕಂಟ್ರೋಲ್-ಸಿ ಒತ್ತಿದರು, ಅಥವಾ ಮೇಲಿನ ಗಡುವು ಮುಗಿಯಿತು ಅನ್ನಿ. ಅಸಿಂಕ್ಐಒ ಓಡುತ್ತಿರುವ ಟಾಸ್ಕ್ ಒಳಗೆ ಕ್ಯಾನ್ಸಲ್ಡ್ ಎರರ್ ಎಸೆಯುತ್ತದೆ. ಇದು ಸೋಲಲ್ಲ, "ಸಾಕು, ನಿಲ್ಲಿಸು" ಅನ್ನುವ ಆಜ್ಞೆ. ಅದನ್ನೂ ಹಿಡಿದು ಮತ್ತೆ ಪ್ರಯತ್ನಿಸಿದರೆ ಪ್ರೋಗ್ರಾಂ ನಿಲ್ಲಿಸಿದರೂ ನಿಲ್ಲದ ಭೂತವಾಗುತ್ತದೆ. ಪೈಥಾನ್ 3.8ರಿಂದ ಈ ಎರರ್ ಅನ್ನು ಸಾಮಾನ್ಯ ಎಕ್ಸೆಪ್ಷನ್ ವರ್ಗದಿಂದ ಹೊರಗಿಟ್ಟು ಬೇಸ್ ಎಕ್ಸೆಪ್ಷನ್ ಅಡಿಗೆ ತಂದಿದ್ದಾರೆ. ಹಾಗಾಗಿ ಎಕ್ಸೆಪ್ಷನ್ ಹಿಡಿದರೆ ಅಪಾಯವಿಲ್ಲ. ಹೆಸರೇ ಹೇಳದೆ ಬರೀ "ಎಕ್ಸೆಪ್ಟ್" ಅಂತ ಬರೆದರೆ ಮಾತ್ರ ಸಿಕ್ಕಿಬೀಳುತ್ತೀರಿ. ಹೇಗಿದ್ದರೂ ಮೇಲೆ ಹೇಳಿದಂತೆ ಬೇಕಾದ ಎರರ್‌ಗಳನ್ನು ಹೆಸರಿಟ್ಟೇ ಹಿಡಿಯಬೇಕಲ್ಲ.

ಗಡುವಿನ ವಿಷಯದಲ್ಲಿ ಒಂದು ಸಣ್ಣ ಮಾತು. ಪೈಥಾನ್ 3.11ರಲ್ಲಿ ಬಂದ ಅಸಿಂಕ್ಐಒ ಟೈಮ್‌ಔಟ್ ಒಳಗೊಳಗೇ ಕ್ಯಾನ್ಸಲ್ ಬಳಸುತ್ತದೆ. ಆ ಬ್ಲಾಕ್‌ನಿಂದ ಹೊರಗೆ ಬರುವಾಗಲೇ ಅದು ಟೈಮ್‌ಔಟ್ ಎರರ್ ಆಗಿ ಬದಲಾಗುವುದು. ಆದ್ದರಿಂದ ಟ್ರೈ ಹೊರಗಿರಬೇಕು, ಟೈಮ್‌ಔಟ್ ಬ್ಲಾಕ್ ಅದರ ಒಳಗಿರಬೇಕು. ತಿರುಗಾಮುರುಗಾ ಮಾಡಿದರೆ ಹಿಡಿಯಬೇಕಾದ ಎರರ್ ಕೈಗೆ ಸಿಗುವುದಿಲ್ಲ.

ಎಷ್ಟು ಹೊತ್ತು ಕಾಯುವುದು

ಸೋತ ತಕ್ಷಣ ಕೇಳಿದರೆ ಅದೇ ಸುಸ್ತಾದ ಸರ್ವರ್ ಅದೇ ಉತ್ತರ ಕೊಡುತ್ತದೆ. ಪ್ರತಿ ಸಲ ಒಂದೇ ಸೆಕೆಂಡ್ ಕಾಯುವುದೂ ಸಾಲದು. ರೂಢಿಯಲ್ಲಿರುವುದು ದ್ವಿಗುಣ ಮಾಡುತ್ತಾ ಹೋಗುವುದು: 1 ಸೆಕೆಂಡ್, 2, 4, 8. ಇದು ಹೊಸ ಉಪಾಯವೇನಲ್ಲ. ಹಳೆಯ ಈಥರ್ನೆಟ್‌ನಲ್ಲಿ ಒಂದೇ ತಂತಿಯ ಮೇಲೆ ಎರಡು ಕಂಪ್ಯೂಟರ್ ಒಟ್ಟಿಗೆ ಮಾತಾಡಿ ಡಿಕ್ಕಿಯಾದರೆ, ಎರಡೂ ಲಾಟರಿ ಎತ್ತಿದ ಹಾಗೆ ಒಂದೊಂದು ಹೊತ್ತು ಕಾಯುತ್ತಿದ್ದವು. ಮತ್ತೆ ಡಿಕ್ಕಿಯಾದರೆ ಆ ವ್ಯಾಪ್ತಿ ದ್ವಿಗುಣ. ಹತ್ತು ಸಲದವರೆಗೆ ದ್ವಿಗುಣ, 16ನೇ ಪ್ರಯತ್ನವೂ ಸೋತರೆ ಕೈಬಿಡುವುದು. ಇಂದಿಗೂ ಲೆಕ್ಕ ಅದೇ.

ಆ ಲಾಟರಿಯ ಭಾಗವನ್ನೇ ಜನ ಬಿಟ್ಟುಬಿಡುತ್ತಾರೆ. ಮಂಡ್ಯ ಕಡೆಯ ರೈಲ್ವೆ ಗೇಟ್ ಒಂದರಲ್ಲಿ ನಿಂತು ನೋಡಿ. ಗೇಟ್ ಬಿದ್ದಷ್ಟು ಹೊತ್ತು ಎರಡೂ ಕಡೆ ಬೈಕು, ಟ್ರ್ಯಾಕ್ಟರು ಸೇರುತ್ತವೆ. ಎದ್ದ ಕೂಡಲೇ ಎಲ್ಲರೂ ಒಮ್ಮೆಗೇ ನುಗ್ಗಿ ಹಳಿಯ ಮೇಲೇ ಜಾಮ್. ಸರ್ವರ್‌ಗೂ ಇದೇ ಗತಿ. ಒಂದೇ ಗಳಿಗೆಯಲ್ಲಿ ಸೋತ ಸಾವಿರ ಕ್ಲೈಂಟ್‌ಗಳು ಸರಿಯಾಗಿ 1 ಸೆಕೆಂಡ್ ಕಾದರೆ ಸಾವಿರವೂ ಒಟ್ಟಿಗೇ ವಾಪಸ್ ಬರುತ್ತವೆ. ದ್ವಿಗುಣ ಮಾಡಿದರೂ ಗುಂಪು ಗುಂಪಾಗಿಯೇ ಬರುತ್ತವೆ. ಹಾಗಾಗಿ ಕಾಯುವ ಹೊತ್ತಿಗೆ ಜಿಟರ್, ಅಂದರೆ ಲಾಟರಿಯಂಥ ಏರುಪೇರು, ಬೇಕು. ಸುಲಭದ ಸೂತ್ರ: ಈ ಸಲದ ಮಿತಿ 4 ಸೆಕೆಂಡ್ ಆದರೆ, 0ಯಿಂದ 4ರ ನಡುವೆ ಯಾವುದಾದರೂ ಒಂದು ಸಂಖ್ಯೆ ಆರಿಸು. ಪೈಥಾನ್‌ನ ರ್‍ಯಾಂಡಮ್ ಮಾಡ್ಯೂಲ್‌ನ ಯೂನಿಫಾರ್ಮ್ ಸಾಕು. ಇದನ್ನೇ ಫುಲ್ ಜಿಟರ್ ಅನ್ನುವುದು. ಅಮೆಜಾನ್‌ನ ಎಂಜಿನಿಯರ್‌ಗಳು 2015ರಲ್ಲಿ ಸಿಮ್ಯುಲೇಷನ್ ಓಡಿಸಿ, ಜಿಟರ್ ಇಲ್ಲದೆ ದ್ವಿಗುಣ ಮಾಡುವುದಕ್ಕಿಂತ ಇದರಿಂದ ಸರ್ವರ್ ಮೇಲೆ ಬೀಳುವ ಒಟ್ಟು ಕೆಲಸ ಎಷ್ಟೋ ಕಡಿಮೆ ಅಂತ ತೋರಿಸಿದರು. "ಕೆಲವೊಮ್ಮೆ 0 ಹತ್ತಿರದ ಸಂಖ್ಯೆ ಬಂದು ಕಾಯದೇ ಹೋಗುತ್ತದಲ್ಲ?" ಅನ್ನಬಹುದು. ಹೋಗಲಿ. ಒಬ್ಬಿಬ್ಬರು ಬೇಗ ಹೋದರೆ ತೊಂದರೆಯಿಲ್ಲ, ಎಲ್ಲರೂ ಒಟ್ಟಿಗೆ ಹೋಗಬಾರದು ಅಷ್ಟೆ.

ದ್ವಿಗುಣಕ್ಕೆ ಮೇಲ್ಮಿತಿಯನ್ನೂ ಇಡಿ, 30 ಸೆಕೆಂಡ್ ಅಂತ. ನಾಲ್ಕೇ ಪ್ರಯತ್ನಕ್ಕೆ ಅದು ಬೇಕಾಗುವುದಿಲ್ಲ, ಆದರೆ ನಾಳೆ ಯಾರೋ ಬಂದು 4 ಇದ್ದದ್ದನ್ನು 12 ಮಾಡಿದರೆ ಕೊನೆಯ ಮಿತಿ 1024 ಸೆಕೆಂಡ್, ಅಂದರೆ 17 ನಿಮಿಷ ಆಗಿಬಿಡುತ್ತದೆ.

ಸರ್ವರ್ ತಾನೇ ಹೊತ್ತು ಹೇಳಿದರೆ ನಮ್ಮ ಸೂತ್ರ ಬದಿಗಿಡಬೇಕು. 429 ಅಥವಾ 503 ಜೊತೆಗೆ ರಿಟ್ರೈ-ಆಫ್ಟರ್ ಹೆಡರ್ ಬರಬಹುದು. ಅದರಲ್ಲಿ 120 ಅಂತ ಸೆಕೆಂಡ್ ಇರಬಹುದು, ಇಲ್ಲವೇ ಜಿಎಂಟಿಯಲ್ಲಿ ಒಂದು ದಿನಾಂಕ, ಸಮಯ ಇರಬಹುದು. ಎರಡನ್ನೂ ಓದಲು ಬರಬೇಕು. ದಿನಾಂಕ ಓದುವಾಗ ಟೈಮ್‌ಝೋನ್ ಮರೆತು ನಮ್ಮ ಗಡಿಯಾರದ ಜೊತೆ ಹೋಲಿಸಿದರೆ, ನಾವು ಐದೂವರೆ ಗಂಟೆ ಮುಂದಿರುವುದರಿಂದ ಆ ಸಮಯ ಆಗಲೇ ಕಳೆದುಹೋಗಿದೆ ಅಂತ ಲೆಕ್ಕ ಬರುತ್ತದೆ. ಕಾಯಿ ಅಂದ ಸರ್ವರ್‌ಗೆ ಕಾಯದೆ ಬಡಿಯುತ್ತೀರಿ. ಹೇಳಿದ ಹೊತ್ತಿನ ಮೇಲೆ ಒಂದಿಷ್ಟು ಜಿಟರ್ ಸೇರಿಸಿ, ಅದೇ ಸಂಖ್ಯೆ ಬೇರೆಯವರಿಗೂ ಹೋಗಿರುತ್ತದಲ್ಲ. ಒಂದು ಗಂಟೆ ಕಾಯಿ ಅಂದರೆ ಮಾತ್ರ ಅಲ್ಲೇ ಮಲಗಬೇಡಿ. ಸೋತಿತು ಅಂತ ವಾಪಸ್ ಹೋಗಿ, ಕೆಲಸವನ್ನು ಆಮೇಲಿನ ಸರದಿಗೆ ಹಾಕಿ.

ಇನ್ನು ಕ್ರಾನ್, ಅಂದರೆ ಹೇಳಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ವ್ಯವಸ್ಥೆ. ದೇಶದಲ್ಲಿರುವ ಪ್ರೋಗ್ರಾಂಗಳೆಲ್ಲ ಬೆಳಿಗ್ಗೆ ಸರಿಯಾಗಿ 6:00ಕ್ಕೇ ಏಳಬೇಕಾ? 6:07ಕ್ಕೆ ಇಟ್ಟುಕೊಳ್ಳಿ. ಅರ್ಧಕ್ಕರ್ಧ ರಿಟ್ರೈ ಬೇಕಾಗುವುದೇ ತಪ್ಪಬಹುದು.

ಒಟ್ಟು ಎಷ್ಟು ಹೊತ್ತು?

ಲೆಕ್ಕ ಹಾಕಿ ನೋಡೋಣ. ನಾಲ್ಕು ಪ್ರಯತ್ನ, ತಲಾ 5 ಸೆಕೆಂಡ್: 20. ನಡುವೆ ಮೂರು ಕಾಯುವಿಕೆ, ಜಾಸ್ತಿ ಅಂದರೆ 1, 2, 4: ಒಟ್ಟು 7. ಕೆಟ್ಟ ದಿನದಲ್ಲಿ ಒಂದು ರಿಕ್ವೆಸ್ಟ್‌ಗೆ 27 ಸೆಕೆಂಡ್. ಬೆಳಗಿನ ಎಸ್ಸೆಮ್ಮೆಸ್‌ಗೆ ಇದು ಲೆಕ್ಕಕ್ಕೇ ಇಲ್ಲ. ಇದೇ ಕೋಡನ್ನು ಮೊಬೈಲ್ ಆ್ಯಪ್‌ನ ಹಿಂದೆ ಇಟ್ಟರೆ 27 ಸೆಕೆಂಡ್ ತಿರುಗುವ ಚಕ್ರ ನೋಡಿಕೊಂಡು ಯಾರೂ ಕೂರುವುದಿಲ್ಲ. ಅಲ್ಲಿ ಎರಡೇ ಪ್ರಯತ್ನ ಇಟ್ಟು, ಎಲ್ಲಕ್ಕೂ ಸೇರಿ ಹೊರಗೊಂದು 8 ಸೆಕೆಂಡ್ ಗಡುವು ಕಟ್ಟಿ. ಪ್ರಯತ್ನದ ಗಡುವು ಬೇರೆ, ಒಟ್ಟು ಗಡುವು ಬೇರೆ. ಎರಡೂ ಬೇಕು.

11 ರಿಕ್ವೆಸ್ಟ್‌ಗಳನ್ನು ಒಟ್ಟಿಗೆ ಬಿಡುವಾಗ ಅಸಿಂಕ್ಐಒದ ಟಾಸ್ಕ್ ಗ್ರೂಪ್ ಬಳಸಬೇಕೋ ಗ್ಯಾದರ್ ಬಳಸಬೇಕೋ ಅನ್ನುವ ಪ್ರಶ್ನೆ ಬರುತ್ತದೆ. ಟಾಸ್ಕ್ ಗ್ರೂಪ್‌ನಲ್ಲಿ ಒಂದು ಸೋತರೆ ಉಳಿದವನ್ನೆಲ್ಲ ಅದು ಕ್ಯಾನ್ಸಲ್ ಮಾಡುತ್ತದೆ. ನಾಗಮಂಗಲದ ಮಳೆ ಲೆಕ್ಕ ಸಿಗಲಿಲ್ಲ ಅಂತ ಕೆಆರ್‌ಎಸ್ ಮಟ್ಟವನ್ನೂ ಬಿಡುವುದು ನ್ಯಾಯವಲ್ಲ. ಇಲ್ಲಿ ಗ್ಯಾದರ್, ಅದರಲ್ಲೂ "ರಿಟರ್ನ್ ಎಕ್ಸೆಪ್ಷನ್ಸ್" ಅನ್ನು ಟ್ರೂ ಮಾಡಿ ಬಳಸುವುದೇ ಸರಿ. ಬಂದ 11 ಫಲಿತಾಂಶಗಳಲ್ಲಿ ಯಾವುದು ಉತ್ತರ, ಯಾವುದು ಎರರ್ ಅಂತ ಒಂದೊಂದಾಗಿ ನೋಡಿಕೊಳ್ಳಿ.

ರಿಕ್ವೆಸ್ಟ್ ನೂರಾರು ಆದರೆ ಸೆಮಫೋರ್ ಬೇಕು, ಒಂದು ಸಲಕ್ಕೆ ಹತ್ತಕ್ಕಿಂತ ಜಾಸ್ತಿ ಹೋಗದಂತೆ. ಆಗ ಕಾಯುವ ಹೊತ್ತಿನಲ್ಲಿ ಸೆಮಫೋರ್ ಹಿಡಿದುಕೊಂಡಿರಬೇಕಾ, ಬಿಡಬೇಕಾ? ಎಲ್ಲ ರಿಕ್ವೆಸ್ಟ್ ಒಂದೇ ಸರ್ವರ್‌ಗೆ ಹೋಗುತ್ತಿದ್ದರೆ ಹಿಡಿದೇ ಇರಿ. ಸರ್ವರ್ ಸುಸ್ತಾದಷ್ಟೂ ನಮ್ಮ ವೇಗ ತಾನಾಗಿ ತಗ್ಗುತ್ತದೆ. ಬೇರೆ ಬೇರೆ ಸರ್ವರ್ ಆದರೆ ಬಿಟ್ಟು ಮಲಗಿ. ಒಬ್ಬರ ಕಾಯಿಲೆಗೆ ಇನ್ನೊಬ್ಬರ ಸಾಲು ನಿಲ್ಲುವುದು ಬೇಡ.

ರಿಟ್ರೈ ಮೇಲೆ ರಿಟ್ರೈ

ನಿಮ್ಮ ಲೂಪ್ ನಾಲ್ಕು ಸಲ ಕೇಳುತ್ತದೆ. ಅದರ ಕೆಳಗಿನ ಲೈಬ್ರರಿಯಲ್ಲೂ ಯಾರೋ ನಾಲ್ಕು ಅಂತ ಹಾಕಿದ್ದಾರೆ. ಪೂರ್ತಿ ಸೋತರೆ ಕ್ರಾನ್ ಸ್ಕ್ರಿಪ್ಟ್ ಇಡೀ ಪ್ರೋಗ್ರಾಂ ಅನ್ನು ಮೂರು ಸಲ ಓಡಿಸುತ್ತದೆ. 4 ಗುಣಿಸು 4 ಗುಣಿಸು 3: ಒಂದು ಮಟ್ಟಕ್ಕೆ 48 ರಿಕ್ವೆಸ್ಟ್! ಅದೂ ಸರ್ವರ್ ಮಲಗಿರುವಾಗಲೇ. ಒಂದು ಕಡೆ ಮಾತ್ರ ರಿಟ್ರೈ ಇಡಿ, ಉಳಿದ ಕಡೆ ತೆಗೆಯಿರಿ. ಎಲ್ಲಿಡಬೇಕು ಅಂದರೆ, ಈ ರಿಕ್ವೆಸ್ಟ್ ಎರಡು ಸಲ ಹೋದರೆ ಪರವಾಗಿಲ್ಲ ಅಂತ ಗೊತ್ತಿರುವ ಜಾಗದಲ್ಲಿ. ಅದು ಸಾಮಾನ್ಯವಾಗಿ ನಿಮ್ಮ ಕೋಡೇ.

ಲೈಬ್ರರಿ ಬಳಸಬಾರದಾ?

ಬಳಸಿ. ಆದರೆ ಮೇಲಿನ ಲೂಪನ್ನು ಒಮ್ಮೆ ಕೈಯಾರೆ ಬರೆದ ಮೇಲೆ. ಪೈಥಾನ್‌ನಲ್ಲಿ ಟೆನಾಸಿಟಿ ಚೆನ್ನಾಗಿದೆ, ಅಸಿಂಕ್ ಫಂಕ್ಷನ್ ಮೇಲೂ ಡೆಕೊರೇಟರ್ (ಫಂಕ್ಷನ್ ತಲೆಯ ಮೇಲೆ ಹಾಕುವ ಸಾಲು) ಆಗಿ ಕೂರುತ್ತದೆ. ಅದರ ಡಿಫಾಲ್ಟ್ ಮಾತ್ರ ಭಯಂಕರ: ಏನೂ ಹೇಳದೆ ಬರೀ ರಿಟ್ರೈ ಅಂತ ಹಾಕಿದರೆ ಕಾಯದೆ, ನಿಲ್ಲದೆ, ಗೆಲ್ಲುವವರೆಗೂ ಕೇಳುತ್ತಲೇ ಇರುತ್ತದೆ. ಮೂರು ವಿಷಯ ಹೇಳಲೇಬೇಕು: ಎಷ್ಟು ಪ್ರಯತ್ನಕ್ಕೆ ನಿಲ್ಲಬೇಕು, ಹೇಗೆ ಕಾಯಬೇಕು, ಯಾವ ಎರರ್‌ಗೆ ಮಾತ್ರ. ಕಾಯುವುದಕ್ಕೆ "ವೇಟ್ ರ್‍ಯಾಂಡಮ್ ಎಕ್ಸ್‌ಪೊನೆನ್ಷಿಯಲ್" ಆರಿಸಿದರೆ ಫುಲ್ ಜಿಟರ್ ಸಿಗುತ್ತದೆ. "ರೀರೈಸ್" ಅನ್ನು ಟ್ರೂ ಮಾಡಿ, ಇಲ್ಲದಿದ್ದರೆ ಕೊನೆಗೆ ನಿಜವಾದ ಎರರ್ ಬದಲು ಅದರದ್ದೇ ಒಂದು ರಿಟ್ರೈ ಎರರ್ ಕೈಗೆ ಬರುತ್ತದೆ.

ಎಚ್‌ಟಿಟಿಪಿಎಕ್ಸ್‌ನ ಟ್ರಾನ್ಸ್‌ಪೋರ್ಟ್‌ನಲ್ಲೂ (ಕನೆಕ್ಷನ್ ನೋಡಿಕೊಳ್ಳುವ ಭಾಗದಲ್ಲೂ) ರಿಟ್ರೈ ಅಂತ ಒಂದು ಆಯ್ಕೆ ಇದೆ. ಅದನ್ನು ನಂಬಿ ಕೂರಬೇಡಿ. ಕನೆಕ್ಷನ್ ಕೂಡದಿದ್ದಾಗ ಮಾತ್ರ ಅದು ಮತ್ತೆ ಪ್ರಯತ್ನಿಸುತ್ತದೆ, 503ಕ್ಕೆ ಅಲ್ಲ.

ಪರೀಕ್ಷೆ ಮತ್ತು ಲಾಗ್

ನಿಜವಾದ ಸರ್ವರ್ ಕೆಡಲಿ ಅಂತ ಕಾಯುವಂತಿಲ್ಲ. ಎಐಒಎಚ್‌ಟಿಟಿಪಿಯಲ್ಲೇ ಹತ್ತು ಸಾಲಿನ ಒಂದು ಸುಳ್ಳು ಸರ್ವರ್ ಬರೆಯಿರಿ: ಮೊದಲ ಎರಡು ಸಲ 503, ಮೂರನೇ ಸಲ 200. ಅದು ಕೈಗೂಡಿದ ಮೇಲೆ 404 ಕೊಡುವಂತೆ ಮಾಡಿ, ರಿಕ್ವೆಸ್ಟ್ ಒಂದೇ ಒಂದು ಬಂತಾ ಅಂತ ಎಣಿಸಿ. ನನ್ನ ಪ್ರಕಾರ ಎರಡನೇ ಪರೀಕ್ಷೆಯೇ ಮುಖ್ಯ, ಜನ ಬರೆಯದೇ ಬಿಡುವುದೂ ಅದನ್ನೇ. ಕಾಯುವಾಗ ಟಾಸ್ಕ್ ಕ್ಯಾನ್ಸಲ್ ಮಾಡಿ, ತಕ್ಷಣ ನಿಲ್ಲುತ್ತದಾ ನೋಡಿ. ಸ್ಲೀಪ್ ಫಂಕ್ಷನ್ ಅನ್ನು ಹೊರಗಿನಿಂದ ಕೊಡುವಂತೆ ಬರೆದರೆ ಪರೀಕ್ಷೆಯಲ್ಲಿ ಕಾಯದ ಸುಳ್ಳು ಸ್ಲೀಪ್ ಕೊಟ್ಟು, ಎಷ್ಟು ಹೊತ್ತು ಕೇಳಿತು ಅಂತ ಮಾತ್ರ ಬರೆದುಕೊಳ್ಳಬಹುದು.

ಲಾಗ್‌ನಲ್ಲಿ ಎಷ್ಟನೇ ಪ್ರಯತ್ನ, ಏನು ಸೋಲು, ಎಷ್ಟು ಹೊತ್ತು ಕಾಯುತ್ತಿದ್ದೇವೆ ಇಷ್ಟಿರಲಿ. ಮಧ್ಯದ ಸೋಲುಗಳಿಗೆ ವಾರ್ನಿಂಗ್, ಕೊನೆಯದಕ್ಕೆ ಮಾತ್ರ ಎರರ್. ಪ್ರತಿ ದಿನವೂ ಮೂರನೇ ಪ್ರಯತ್ನಕ್ಕೇ ಗೆಲ್ಲುತ್ತಿದ್ದರೆ ಪ್ರೋಗ್ರಾಂ ಹಸಿರು ತೋರಿಸಿದರೂ ಏನೋ ಕೆಟ್ಟಿದೆ ಅಂತ ಅರ್ಥ. ರಿಟ್ರೈ ಅದನ್ನು ಮುಚ್ಚಿಡುತ್ತಿದೆ.

ನಾಲ್ಕೂ ಸಲ ಸೋತರೆ

ಸೋಲುವ ದಿನ ಬಂದೇ ಬರುತ್ತದೆ. ಆಗ ರೈತರಿಗೆ ಏನು ಹೋಗಬೇಕು ಅಂತ ಈಗಲೇ ನಿರ್ಧರಿಸಿ. ಖಾಲಿ ಜಾಗ ಬೇಡ, 0 ಅಂತೂ ಬೇಡವೇ ಬೇಡ. ಕಟ್ಟೆ ಬರಿದಾಯಿತು ಅಂತ ಊರೆಲ್ಲ ಹಬ್ಬುತ್ತದೆ. ಕೊನೆಯ ಸಲ ಸಿಕ್ಕ ಮಟ್ಟವನ್ನು ಒಂದು ಫೈಲ್‌ನಲ್ಲಿ ಸಮಯದ ಸಮೇತ ಇಟ್ಟುಕೊಂಡಿರಿ. ಸೋತ ದಿನ ಅದನ್ನೇ ಕಳಿಸಿ, ಆದರೆ ಹಳೆಯದು ಅಂತ ಹೇಳಿಯೇ ಕಳಿಸಿ: "ಕೆಆರ್‌ಎಸ್ 118.20 ಅಡಿ, ನಿನ್ನೆ ಬೆಳಿಗ್ಗೆ 8ರ ಮಟ್ಟ. ಇಂದಿನದು ಸಿಕ್ಕಿಲ್ಲ." ಎರಡು ದಿನಕ್ಕಿಂತ ಹಳೆಯದಾದರೆ ಅದನ್ನೂ ಕಳಿಸಬೇಡಿ. ಮಳೆ ಜೋರಾಗಿದ್ದಾಗ ಎರಡು ದಿನದಲ್ಲಿ ಕಟ್ಟೆಯ ಮಟ್ಟ ಅಡಿಗಟ್ಟಲೆ ಏರುತ್ತದೆ, ಹೊಳೆ ದಡದಲ್ಲಿ ಪಂಪ್‌ಸೆಟ್ ಇಟ್ಟವರು ಆ ಸಂಖ್ಯೆ ನೋಡಿಕೊಂಡು ಮೋಟಾರ್ ಮೇಲೆತ್ತುವವರು.